ಬೆನ್ನಿನ ಅಳತೆ

ಕೈಗಾಡಿಯಿಂದ ಕುರ್ಚಿ ಇಳಿಸಿ ಮೇಸ್ತ್ರಿ ಬಾಗಿಲು ತಟ್ಟಿದ. ತೆರೆದಾಕೆಯ ಮುಖ ಕುರ್ಚಿಯನ್ನು ನೋಡಿದ್ದೇ ಬಿಳಿಚಿಕೊಂಡಿತು.

"ನಾನೇ ಬಂದು ಹೇಳ್ತೀನಿ ಅಂದಿದ್ನಲ್ಲ ಮೇಸ್ತ್ರಿಗಳೇ. ಯಾಕೆ ತಂದ್ರಿ?"

ಮೇಸ್ತ್ರಿಗೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಬಿಲ್ಲಿನಂತೆ ಬಾಗಿದ ಬೆನ್ನಿನ ಆ ಹಳೆಯ ಕುರ್ಚಿ ಮೆತ್ತೆ ಹಾಕಿಸಿಕೊಳ್ಳಲು ಅವನ ಅಂಗಡಿಗೆ ಬಂದು ಐದು ತಿಂಗಳಾಗಿತ್ತು. ಹಸಿರು ಬಟ್ಟೆ ಹೊದಿಸಿದರೆ ಕಂದು ಬೇಕೆಂದಳು. ಕಂದು ಹೊದಿಸಿದರೆ ಸೊಂಟದ ಹತ್ತಿರ ಮೆತ್ತೆ ಸಾಲದೆಂದಳು. ಬಿಚ್ಚಿ, ನಾರು ತುಂಬಿ, ಮೇಲೆ ಹತ್ತಿ ಹರಡಿಕೊಟ್ಟರೆ ಹೆಚ್ಚಾಯಿತೆಂದಳು. ಬಾಗಿದ ಬೆನ್ನಿಗೆ ಬಟ್ಟೆ ಕೂರಿಸುವುದೇನು ಹುಡುಗಾಟವೇ? ನಡುವಿನ ತಗ್ಗಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತ ಸವರುತ್ತ ಬರಬೇಕು. ಅಂಚಿನಿಂದ ಎಳೆದರೆ ಬಟ್ಟೆ ತಗ್ಗನ್ನು ಬಿಟ್ಟು ಡೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ಅದನ್ನು ಮೂರು ಸಲ ಮಾಡಿದವನ ತಾಳ್ಮೆ ತಳ ಕಂಡಿತ್ತು. ಯಜಮಾನರನ್ನಾದರೂ ಕಳಿಸಿ ಎಂದರೆ ಒಂದು ಸಲ ಊರಲ್ಲಿಲ್ಲ, ಇನ್ನೊಂದು ಸಲ ನೆಗಡಿ.

"ಕೂರೋರು ಒಂದ್ಸಲ ಒರಗಲಿ ತಾಯಿ. ಒರಗದೆ ನಾನು ಹಿಂಬದಿ ಹೊಲಿಯೋನಲ್ಲ."

ಅದು ಅವನು ಪಾಲಿಸಿಕೊಂಡು ಬಂದ ವ್ರತ. ಕೂರುವವರ ಬೆನ್ನು ಒಮ್ಮೆ ಒತ್ತದೆ ಯಾವ ಕುರ್ಚಿಗೂ ಅವನು ಕೊನೆಯ ಹೊಲಿಗೆ ಹಾಕಿದವನಲ್ಲ. ಹಾಗೆ ಒರಗಿದ ವಕೀಲರೊಬ್ಬರು ಅಲ್ಲೇ ಗೊರಕೆ ಹೊಡೆದದ್ದನ್ನು, ತಾನು ಪೋಣಿಸಿದ ಸೂಜಿ ಹಿಡಿದು ಒಂದು ಗಂಟೆ ಕಾದದ್ದನ್ನು ಹೇಳಿ ನಗಿಸಲು ನೋಡಿದ. ಆಕೆ ನಗಲಿಲ್ಲ. ಅವರು ಮಲಗಿದ್ದಾರೆ, ನಾಳೆ ಬನ್ನಿ ಎಂದಳು. ಇಂಥ ನಾಳೆಗಳನ್ನು ಬೇಕಾದಷ್ಟು ಕೇಳಿದ್ದ ಮೇಸ್ತ್ರಿ, ಒಂದು ನಿಮಿಷದ ಕೆಲಸ ಎನ್ನುತ್ತ ಕುರ್ಚಿಯನ್ನು ಹೆಗಲಿಗೇರಿಸಿ ಒಳಕೋಣೆಗೆ ನಡೆದೇಬಿಟ್ಟ.

ಯಜಮಾನರು ಮಂಚದ ಮೇಲಿದ್ದರು. ಎಡಗೈ ಎಡಗಾಲು ಇನ್ಯಾರದನ್ನೋ ತಂದು ಪಕ್ಕಕ್ಕಿಟ್ಟ ಹಾಗೆ ಬಿದ್ದಿದ್ದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಹಿಂದೆಯೇ ಬಂದ ಆಕೆ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಲಕ್ವ ಹೊಡೆದು ಆರು ತಿಂಗಳು. ಒರಗಿಸಿ ಕೂರಿಸಿ ನೋಡಿ, ಕೂತರೆ ಮುಂದಿನ ದಾರಿ ಯೋಚಿಸೋಣ, ಕೂರದಿದ್ದರೆ ಇಷ್ಟೇ ಎಂದಿದ್ದರು ಡಾಕ್ಟರು. ಕುರ್ಚಿ ಬರಲಿ, ಕೂರಿಸುತ್ತೇನೆ ಎಂದಿದ್ದಳು ಆಕೆ. ನೆಂಟರು ಕೇಳಿದರೂ ಅದೇ ಮಾತು, ಮೈದುನ ಕೇಳಿದರೂ ಅದೇ ಮಾತು. ಅವರಿನ್ನೂ ಎದ್ದು ಕೂತಿಲ್ಲ, ಯಾಕೆಂದರೆ ಕುರ್ಚಿಯೇ ಮುಗಿದಿಲ್ಲ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಮೇಸ್ತ್ರಿಗೆ. ಸದ್ದಿಲ್ಲದೆ ಕುರ್ಚಿ ಎತ್ತಿಕೊಂಡು ತಿರುಗಿದ. ಆದರೆ ಅಷ್ಟರಲ್ಲಿ ಯಜಮಾನರ ಕಣ್ಣು ಅದರ ಮೇಲೆ ಬಿದ್ದಿತ್ತು. ಬಲಗೈ ಹೊದಿಕೆಯಿಂದ ಹೊರಬಂದು, ತಾ ಎನ್ನುವಂತೆ ಆಡಿತು. ಅವರ ಎದುರಿಗೆ ಬೇಡವೆನ್ನಲು ಆಕೆಗೆ ಬಾಯಿ ಬರಲಿಲ್ಲ.

ಇಬ್ಬರೂ ಸೇರಿ ಎತ್ತಿ ಕೂರಿಸಿದರು. ರೂಢಿಯಂತೆ ಮೇಸ್ತ್ರಿ ಬೆನ್ನಿಗೂ ಮೆತ್ತೆಗೂ ನಡುವೆ ಅಂಗೈ ತೂರಿಸಿದ. ಒರಗುವ ಬೆನ್ನು ಮೆತ್ತೆಯನ್ನು ಹುಡುಕುತ್ತದೆ, ಇಷ್ಟು ಹೊರಳಿ ಅಷ್ಟು ಹೊರಳಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಈ ಬೆನ್ನು ಏನನ್ನೂ ಹುಡುಕಲಿಲ್ಲ. ಗೋಡೆಗೆ ಆನಿಸಿಟ್ಟ ಚೀಲದ ಹಾಗೆ ಎಡಕ್ಕೆ ಜಾರಿತು. ಆಕೆ ದಿಂಬು ಕೊಟ್ಟಳು. ದಿಂಬಿನ ಸಮೇತ ಜಾರಿತು. ಮತ್ತೆ ನೆಟ್ಟಗೆ ಮಾಡಿದರು. ತಲೆ ಎದೆಯ ಮೇಲೆ ಬಿದ್ದು, ಕೈಬಿಟ್ಟರೆ ಇಡೀ ಮೈ ನೆಲಕ್ಕೆ ಬರುವಂತಾಯಿತು.

ಗಂಡನ ತೋಳು ಹಿಡಿದುಕೊಂಡೇ ಆಕೆ ಕೇಳಿದಳು. "ಮೆತ್ತೆ ಕಮ್ಮಿ ಆಯ್ತೇನೋ, ಅಲ್ವಾ ಮೇಸ್ತ್ರಿಗಳೇ? ಇನ್ನೊಂದು ಹಿಡಿ ನಾರು ಹಾಕಿದ್ರೆ?"

ಹೂಂ ಅಂದಿದ್ದರೆ ಸಾಕಿತ್ತು. ಆದರೆ ತನ್ನ ಕೈಕೆಲಸದಲ್ಲಿ ಕೊಂಕು ತೆಗೆಯಲು ನಲವತ್ತು ವರ್ಷ ಒಬ್ಬರಿಗೂ ಬಿಡದ ಬಾಯಿ ಅದು. ಮನಸ್ಸು ತಡೆಯುವ ಮೊದಲೇ ಆಡಿಬಿಟ್ಟಿತು.

"ಮೆತ್ತೆ ಸರಿಯಾಗೇ ಇದೆ, ತಾಯಿ."

ಯಜಮಾನರು ಕಣ್ಣು ಮುಚ್ಚಿಕೊಂಡರು.

ಅವರನ್ನು ಮತ್ತೆ ಮಲಗಿಸಿ, ಹೊದಿಕೆ ಎಳೆದು, ಆಕೆ ಮಡಿಕೆಗಳನ್ನು ಒಂದೊಂದಾಗಿ ನೇರ ಮಾಡಿದಳು. ಮೇಸ್ತ್ರಿ ಕುರ್ಚಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವವನಂತೆ ಮಾಡಿದ. ಇಲ್ಲ, ಬೆಳಕಿನಲ್ಲಿ ನೋಡಿದರೆ ಸೊಂಟದ ಹತ್ತಿರ ಸಾಲದು, ಅಂಗಡಿಗೆ ಒಯ್ದು ಪೂರ್ತಿ ಬಿಚ್ಚುತ್ತೇನೆ, ಎಷ್ಟು ದಿನವಾದರೂ ಆಗಲಿ ಎಂದೆಲ್ಲ ಬಡಬಡಿಸಿದ. ಅವನ ದನಿ ಅವನಿಗೇ ಸೇರಲಿಲ್ಲ.

ಆಕೆ ಕುರ್ಚಿಯನ್ನು ಅವನ ಕೈಯಿಂದ ಬಿಡಿಸಿಕೊಂಡು ಮಂಚದ ಪಕ್ಕಕ್ಕೆಳೆದಳು. ಕೂತಳು. ಅಗಲ ಹೆಗಲಿನವರಿಗೆಂದು ತುಂಬಿದ ಆ ಬಾಗಿದ ಮೆತ್ತೆಯಲ್ಲಿ ನಿಧಾನವಾಗಿ ಬೆನ್ನು ಒರಗಿಸಿದಳು.

"ಹೊಲಿದುಬಿಡಿ. ಇನ್ಮೇಲೆ ಇದ್ರಲ್ಲಿ ಕೂರೋಳು ನಾನೇ."

ಮೇಸ್ತ್ರಿ ಹಿಂದೆ ಮಂಡಿಯೂರಿ ಬಾಗಿದ ಸೂಜಿಗೆ ದಾರ ಪೋಣಿಸಿದ. ಬಲದಂಚು ಮುಗಿಯಿತು, ಎಡದಂಚು ಮುಗಿಯಿತು, ಮೇಲಿನದೂ ಮುಗಿಯಿತು. ಕುರ್ಚಿ ಅದುರುತ್ತಿದ್ದುದು ಅವನು ದಾರ ಎಳೆದದ್ದಕ್ಕಲ್ಲ. ಎದ್ದು ಮುಂದೆ ಬಂದು ಆಕೆಯ ಮುಖ ನೋಡುವ ಧೈರ್ಯವಾಗದೆ, ಅವನು ಮುಗಿದ ಹೊಲಿಗೆಯ ಮೇಲೆಯೇ ಇನ್ನೊಂದು ಸಾಲು ಹೊಲಿಯತೊಡಗಿದ.