ಡಾಕ್ಟರ ಲೆಕ್ಕಕ್ಕೆ ಸಿಗದ ಸಿಗರೇಟು

ಸೀರೆ ಅಂಗಡಿಯ ಸೇಲ್ಸ್‌ಮನ್ ಹಾಲಪ್ಪ ಕೆಮ್ಮಿಗೆಂದು ಹೋದರೆ, ಡಾಕ್ಟರು ತಿರುಗುವ ಕುರ್ಚಿಯಲ್ಲಿ ಒರಗಿಕೊಂಡು ಪಾಠ ಶುರುಮಾಡಿದರು.

"ಸಿಗರೇಟು ಸೇದೋರಲ್ಲಿ ಮೂರೇ ಬಗೆ, ಚಟ ಬಿಡಿಸೋಕೂ ಮೂರೇ ಮದ್ದು. ಎದ್ದ ತಕ್ಷಣ ಸೇದೋನಿಗೆ ತೋಳಿಗೆ ಅಂಟಿಸೋ ಪ್ಯಾಚು, ಉಂಡ ಮೇಲೆ ಸೇದೋನಿಗೆ ಅಗಿಯೋ ಗಮ್ಮು, ಚಿಂತೆಗೆ ಸೇದೋನಿಗೆ ಮಾತ್ರೆ. ನೀನು ಯಾವ ಪೈಕಿ?"

ಇಷ್ಟು ವರ್ಷ ಕೂತು ಓದಿದವರ ಜಾಣತನ ಇಷ್ಟೇನಾ ಎಂದು ಹಾಲಪ್ಪ ಒಳಗೊಳಗೇ ಮೂಗು ಮುರಿದ.

"ಯಾವ ಪೈಕಿನೂ ಅಲ್ಲ ಸಾರ್. ಹನ್ನೊಂದು ಗಂಟೆಗೊಂದು, ನಾಲ್ಕು ಗಂಟೆಗೊಂದು. ರಜಾ ದಿನ ಮುಟ್ಟೋದೇ ಇಲ್ಲ."

"ಮತ್ತೆ ಯಾವ ಕರ್ಮಕ್ಕೆ ಸೇದ್ತೀಯ?"

"ದಿನವಿಡೀ ನಿಂತೇ ಸೀರೆ ತೋರಿಸ್ಬೇಕು. ಸಾಹುಕಾರ್ರು ಐದು ನಿಮಿಷ ಹಿಂದಿನ ಮೆಟ್ಲ ಮೇಲೆ ಕೂರೋಕೆ ಬಿಡೋದು ಸಿಗರೇಟು ಸೇದೋರನ್ನ ಮಾತ್ರ."

ಡಾಕ್ಟರು ರೇಗಿದರು. "ಇದಕ್ಕೆ ನಾನೇನಯ್ಯಾ ಬರೀಲಿ?"

"ಚೀಟೀಲಿ ಒಂದು ಕುರ್ಚಿ ಬರೀರಿ ಸಾರ್."