ಬಿಚ್ಚಿದ ಸುರುಳಿ

ತಲೆ ಬಾಚಿದವರ ಮಾತು ಗುಂಗುರು ಕೂದಲಲ್ಲಿ ಉಳಿಯುತ್ತದೆ. ಮದ್ದು ಹಚ್ಚಿ ನೆಟ್ಟಗೆ ಮಾಡಿಸಿದರೆ ಒಂದೇ ಸಲ ಕೇಳಿಸಿ ಹೋಗಿಬಿಡುತ್ತದೆ. ಅದಕ್ಕೇ ಆ ಹೊತ್ತಿಗೆ ಪಾರ್ಲರಿನಲ್ಲಿ ಫ್ಯಾನು ಆರಿಸುತ್ತಾರೆ.

ನನ್ನ ಮೊಮ್ಮಗಳು ಜುಲಿಯಾನಾ ತನ್ನ ಗುಂಗುರಿಗೆ ಕತ್ತರಿಯನ್ನೂ ಮುಟ್ಟಿಸಿದವಳಲ್ಲ. ಇವತ್ತು ಅವಳೇ ನನ್ನನ್ನು ಯಲ್ಲಾಪುರದ ಪಾರ್ಲರಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳು.

“ಇಷ್ಟು ಚೆಂದದ ಕೂದಲು ಯಾಕೆ ಹಾಳು ಮಾಡ್ಕೊಳ್ತೀಯೇ?”

“ನಿನ್ನ ಕಿವಿ ಮೊದಲೇ ಮಂದ ಅಜ್ಜಿ, ಹತ್ರ ಬಾ.”

ಮದ್ದು ಹಚ್ಚಿದ ಸುರುಳಿ ಮೆಲ್ಲಗೆ ಬಿಚ್ಚಿಕೊಂಡಿತು. ಅದರೊಳಗಿಂದ ತೀರಿಹೋದ ನನ್ನ ಮಗಳು, ಜುಲಿಯಾನಾಳ ತಾಯಿ, ನಗುತ್ತಾ ಮಾತಾಡಿದಳು.

“ಅಲ್ಲಾಡಬೇಡ ಕಣೇ. ನಿನ್ನಜ್ಜಿ ನನ್ನ ತಲೇನ ಇನ್ನೂ ಜೋರಾಗಿ ಎಳೀತಿದ್ಲು.”

ಜುಲಿಯಾನಾ ಕನ್ನಡಿಯಲ್ಲಿ ತನ್ನ ಕೂದಲನ್ನು ನೋಡಿಕೊಳ್ಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಾರ್ಲರಿನವಳಿಗೆ ಹೇಳಿದಳು:

“ಇನ್ನೊಂದು ಬಿಚ್ಚಿ ಅಕ್ಕಾ.”