ಕುದುರೆಗೆ ಗೋಗ್ರಾಸ

“ಏನ ತಿನಿಸೀರಿ ಅದಕ್ಕ?” ಎಂದು ಪಶುವೈದ್ಯೆ ರಾಜೇಶ್ವರಿ ಫೋನಿನಲ್ಲಿ ಕೇಳುವಾಗ, ವೆಂಕಣ್ಣ ಮಾಸ್ತರರ ಬಿಳಿ ಕುದುರೆ ತಾರಾ ಹಿತ್ತಲ ಮಣ್ಣಿನಲ್ಲಿ ಮೂರನೆಯ ಸಲ ಬಿದ್ದು ಹೊರಳುತ್ತಿತ್ತು.

“ಹುಲ್ಲು, ನೀರು.”

“ಮತ್ತ?”

“ಸ್ವಲ್ಪ... ಗೋಗ್ರಾಸ. ಹಬ್ಬದ ದಿನ ನಾವು ಉಣ್ಣೂಕಿಂತ ಮೊದ್ಲ ಆಕಳಿಗೆ ಹೋಳಿಗಿ ತಗದಿಡೋ ಪದ್ಧತಿ ಅದ ಅಲ್ರೀ? ಮನ್ಯಾಗ ಆಕಳಿಲ್ಲ. ನಾಲ್ಕ ಕಾಲಿಂದು ಅಂತ ಇರೋದು ಇದೊಂದ.”

“ಎಷ್ಟ ಹೋಳಿಗಿ?”

“ಎರಡು.”

ತಾರಾ ನರಳಿತು.

“ಹನ್ನೊಂದ್ರೀ.”

ಅವತ್ತೇ ಬೆಳಿಗ್ಗೆ ಮಾಸ್ತರರು ತಮ್ಮ ‘ಅಶ್ವಸಲಹೆ’ ವಾಟ್ಸಾಪ್ ಗುಂಪಿಗೆ ನಲವತ್ತೊಂದನೆಯ ಸಲಹೆ ಕಳಿಸಿದ್ದರು: ಕುದುರೆಯ ಹೊಟ್ಟೆ ದೊಡ್ಡದಾಗಿ ಕಂಡರೂ ಒಳಗಿನ ಜಠರ ಚಿಕ್ಕದು, ಹಬ್ಬವೆಂದು ಕಾಳು ಬೆಲ್ಲ ತುರುಕಬೇಡಿ. ಎಂಬತ್ತಾರು ಮಂದಿ ಕೈಮುಗಿದಿದ್ದರು. ಅವರಲ್ಲಿ ಎಷ್ಟು ಜನ ಓದಿದ್ದರೋ ದೇವರಿಗೇ ಗೊತ್ತು; ಬರೆದವರಂತೂ ಓದಿರಲಿಲ್ಲ.

“ನಾ ನೇಸರಗಿಯೊಳಗ ಅದೇನಿ,” ಎಂದಳು ಡಾಕ್ಟರ್. “ಬೈಲಹೊಂಗಲ ಮುಟ್ಟಾಕ ಮುಕ್ಕಾಲ ತಾಸ ಬೇಕು. ಅಲ್ಲಿತನಕ ಎಬ್ಬಿಸಿ ಸಾವಕಾಶ ನಡಸ್ರಿ. ಹೊರಳಾಕ ಬಿಟ್ರ ಕರಳ ತಿರಚಿಕೋತಾವ, ಆಮ್ಯಾಲ ನನ್ನ ಕೈಯಾಗೂ ಏನಿಲ್ಲ. ಲದ್ದಿ ಹಾಕಿತಂದ್ರ ಗೆದ್ದಂಗ.”

ಎಬ್ಬಿಸಿದ್ದಾಯಿತು. ನಡೆಸುವುದು ಹೇಗೆ? ಹದಿನೇಳನೆಯ ಸಲಹೆಯಂತೆ ಪ್ರೀತಿಯಿಂದ ಕರೆದರು. ಹದಿನೆಂಟನೆಯದರಂತೆ ಅಧಿಕಾರವಾಣಿಯಿಂದ ಕರೆದರು. ಅದಕ್ಕೆಂದು ತಾವು ಕಲಿಸುತ್ತಿದ್ದ ಕಾಲೇಜಿನ ಹಳೆಯ ಪ್ರಿನ್ಸಿಪಾಲರ ದನಿ ಅನುಕರಿಸಿದರು. ಇಡೀ ಸ್ಟಾಫ್ ರೂಮು ಎದ್ದು ನಿಲ್ಲುತ್ತಿದ್ದ ಆ ದನಿಗೆ ತಾರಾ ಒಂದು ಕಣ್ಣು ಮುಚ್ಚಿತು. ನಿಜ ಹೇಳಬೇಕೆಂದರೆ, ಕೊಂಡು ತಂದ ಟೆಂಪೋದಿಂದ ಇಳಿದ ಮೂರು ವಾರಗಳಲ್ಲಿ ಅದು ಹಿತ್ತಲು ದಾಟಿರಲಿಲ್ಲ. ಮಾಸ್ತರರು ದಿನಾ ಅರ್ಧ ತಾಸು ಅದರ ಬೆನ್ನ ಮೇಲೆ ಕೂತಿರುತ್ತಿದ್ದರು, ಕುದುರೆ ನಿಂತಿರುತ್ತಿತ್ತು. ಅದನ್ನವರು ಗುಂಪಿನಲ್ಲಿ ‘ಗಂಭೀರ ಸ್ವಭಾವದ ತಳಿ’ ಎಂದು ಬರೆದಿದ್ದರು. ನಿವೃತ್ತಿಯ ನಂತರ ಏನೇನೋ ಕುದುರಿಸಲು ಹೋಗಿ, ಕಡೆಗೆ ಕುದುರಿದ್ದು ಈ ಕುದುರೆ ಒಂದೇ. ಅದೂ ಹೀಗೆ.

ಮತ್ತೆ ಫೋನು ಹಚ್ಚಿದರು.

“ಮುರಗೋಡದ ಮಡಿವಾಳೆಪ್ಪನ ಕಡೆ ತಗೊಂಡ ಕುದರಿ ಅಲ್ರೀ?” ರಾಜೇಶ್ವರಿಯ ಸ್ಕೂಟರಿನ ಸದ್ದು ಕೇಳುತ್ತಿತ್ತು. “ಹತ್ತ ವರ್ಷ ಬರೇ ಮದಿವಿ ಮೆರವಣಿಗಿ ಮಾಡೇತಿ ಅದು. ಮುಂದ ಬ್ಯಾಂಡ್ ಬಾರಸಲಿಲ್ಲಂದ್ರ ಹೆಜ್ಜಿ ಕೀಳಂಗಿಲ್ಲ.”

ಮಾಸ್ತರರು ಮೊಬೈಲಿನಲ್ಲಿ ಬ್ಯಾಂಡು ಹಾಕಿದರು, ಕೀಚಲು ಸದ್ದು ಬಂತು. ಅಷ್ಟು ಬಡ ಮದುವೆಗೆ ತಾರಾ ಬರುವಂತೆ ಕಾಣಲಿಲ್ಲ. ಮುಂಗಾಲು ಮತ್ತೆ ಮಡಚತೊಡಗಿತು. ಮಾಸ್ತರರು ಅದರ ಪಕ್ಕೆಗೆ ಕಿವಿ ಹಚ್ಚಿದರು. ಗುಡುಗುಡು ಇಲ್ಲ, ಗುಳುಗುಳು ಇಲ್ಲ. ಒಳಗೆ ಬಾವಿಯಂಥ ಮೌನ. ಮೂವತ್ತು ವರ್ಷ ಕ್ಲಾಸಿನಲ್ಲಿ “ಸೈಲೆನ್ಸ್” ಎಂದು ಕೂಗಿದವರಿಗೆ ಮೊದಲ ಸಲ ಸೈಲೆನ್ಸ್ ಅಂದರೆ ಹೆದರಿಕೆಯಾಯಿತು.

ಎಡಗೈಯಲ್ಲಿ ಹಗ್ಗ ಹಿಡಿದರು. ತುಟಿ ಮುಂದೆ ಚಾಚಿದರು. “ಪೀಂ ಪಿಪೀಂ! ಪೀಂ ಪಿಪೀಂ!” ಬಲಗೈಗೆ ಡೊಳ್ಳು ಬೇಕಿತ್ತು, ಹೋಳಿಗೆ ತಿಂದು ಬಿಗಿದ ತಮ್ಮದೇ ಹೊಟ್ಟೆ ಸಿಕ್ಕಿತು. “ಢಂ ಢಢಂ!”

ತಾರಾ ಕತ್ತು ಎತ್ತಿತು. ಒಂದು ಹೆಜ್ಜೆ. ಇನ್ನೊಂದು.

ಹೀಗೆ ಮಟಮಟ ಮಧ್ಯಾಹ್ನ ಓಣಿಯೊಳಗೆ ಮದುಮಗನಿಲ್ಲದ ಮೆರವಣಿಗೆ ಹೊರಟಿತು. ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಪಂಚೆಯುಟ್ಟ ಬ್ಯಾಂಡು, ಹಿಂದೆ ಹೊಟ್ಟೆಶೂಲೆಯ ಕುದುರೆ. ಓಣಿಯ ತುದಿಯಿಂದ ಹಿತ್ತಲಿಗೆ, ಹಿತ್ತಲಿಂದ ತುದಿಗೆ. ಐದನೆಯ ಸುತ್ತಿಗೆ ಎದುರುಮನೆಯ ಸಿದ್ದಲಿಂಗವ್ವ ತಂಬಿಗೆ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದು ಹೊರಗೆ ಬಂದಳು. ಮೆರವಣಿಗೆಯ ಕುದುರೆ ಬಾಗಿಲಿಗೆ ಬಂದರೆ ಬರಿಗೈಲಿ ಕಳಿಸುವ ಮನೆ ಅಲ್ಲ ಅವಳದು.

“ಮದಮಗ ಎಲ್ಲೆದಾನ್ರಿ, ಮಾಸ್ತರ?” ಎನ್ನುತ್ತ ಅವಳು ಬೆಲ್ಲವನ್ನು ಕುದುರೆಯ ಬಾಯಿಗೆ ಒಯ್ದಳು.

ಮಾಸ್ತರರು ಮಾತಾಡಿದರೆ ಬ್ಯಾಂಡು ನಿಲ್ಲುತ್ತದೆ. ಬ್ಯಾಂಡು ನಿಂತರೆ ಕುದುರೆ ಬೀಳುತ್ತದೆ. ಸುಮ್ಮನಿದ್ದರೆ ಬೆಲ್ಲ ಒಳಗೆ ಹೋಗುತ್ತದೆ.

“ಪೀಂ ಪೀಂ ಬ್ಯಾಡವ್ವಾ! ಬೆಲ್ಲಾ ಬ್ಯಾಡವ್ವಾ! ಹೊಟ್ಟೀ ಶೂಲೀ, ಢಂ ಢಂ! ಸಾಯ್ತದವ್ವಾ, ಪೀಂ ಪೀಂ!”

“ಅಯ್ಯ ಶಿವನ, ಮಾಸ್ತರಗ ಬಿಸಲ ಬಡದೈತಿ,” ಎಂದು ಸಿದ್ದಲಿಂಗವ್ವ ಬೆಲ್ಲವನ್ನು ತಾನೇ ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ತಾರಾ ಅವಳ ಅಂಗಳದಲ್ಲೇ ನಿಂತುಬಿಟ್ಟಿತು. ಮಾಸ್ತರರ ತುಟಿ ಬಾತಿತ್ತು, ಗಂಟಲಿನಿಂದ ಗಾಳಿಯಷ್ಟೇ ಬರುತ್ತಿತ್ತು, ಆದರೂ ಊದಿದರು. ಕುದುರೆಯ ಹೊಟ್ಟೆಯೊಳಗೆ ಎಲ್ಲೋ ದೂರದಲ್ಲಿ ಗುಡುಗಿದಂತಾಯಿತು. ಬಾಲ ಮೇಲೆದ್ದಿತು. ಹಬ್ಬಕ್ಕೆಂದು ಬಿಡಿಸಿದ್ದ ರಂಗೋಲಿಯ ನಟ್ಟನಡುವೆ ಲದ್ದಿ ದಬದಬ ಬಿತ್ತು.

ಸಿದ್ದಲಿಂಗವ್ವ ಸೊಂಟಕ್ಕೆ ಕೈಯಿಟ್ಟು ರಂಗೋಲಿ ನೋಡಿದಳು, ಕುದುರೆಯನ್ನು ನೋಡಿದಳು, ಆಮೇಲೆ ಮಾಸ್ತರರನ್ನು.

“ಇಷ್ಟೊತ್ತನಕ ಹಾಡೇ ಹಾಡಿದ್ರಲ್ಲಾ, ತಗೋರಿ. ನಿಮ್ಮ ಹಾಡಿಗೆ ಕುದರಿ ತನ್ನ ಅಭಿಪ್ರಾಯ ಹೇಳೇತಿ.”

ವೆಂಕಣ್ಣ ಮಾಸ್ತರರು ಲದ್ದಿಗೆ ಎರಡೂ ಕೈ ಜೋಡಿಸಿದರು. ಕಣ್ಣು ತುಂಬಿ ಬಂದಿತ್ತು. ತಾರಾಳ ಕೊರಳಿಗೆ ಹಣೆ ಹಚ್ಚಿ, ಒಡೆದ ದನಿಯಲ್ಲಿ ಅಂದರು:

“ಇನ್ನೊಮ್ಮೆ ಹೇಳ, ನಮ್ಮವ್ವಾ.”